ತಳಸ್ವರವೂ ಮಾರ್ಪಾಟೂ: ಬರೋಕ್ ಕಾಲದ ವಾದ್ಯಕೃತಿಗಳ ವ್ಯಾಖ್ಯಾನವನ್ನು ಕುರಿತು ಒಂದು ವಿಮರ್ಶೆ

೧

ಒಂದು ಮೂಲವಸ್ತುವನ್ನು ಹಿಡಿದು, ಅದರ ಕಟ್ಟನ್ನು ಕೆಡಿಸದೆ, ಹಲವು ಬಗೆಯಾಗಿ ತಿರುಗಿಸಿ ತೋರಿಸುವುದು ಎಲ್ಲ ಕಲೆಗಳಿಗೂ ಸಾಧಾರಣವಾದ ರೀತಿ. ನಮ್ಮ ಕವಿಗಳು ಒಂದೇ ಷಟ್ಪದಿಯಲ್ಲಿ ಸಾವಿರಾರು ಪದ್ಯಗಳನ್ನು ರಚಿಸಿ ವೀರ, ಕರುಣ, ಹಾಸ್ಯಗಳನ್ನೆಲ್ಲ ಅದೇ ಅಚ್ಚಿನಲ್ಲಿ ಎರಕ ಹೊಯ್ದರು. ನಮ್ಮ ಗಾಯಕರು ಒಂದೇ ಚೀಜಿನ ಸ್ಥಾಯಿಯನ್ನು ಗಂಟೆಗಟ್ಟಲೆ ಬೆಳೆಸಿದರು. ಯೂರೋಪಿನಲ್ಲಿ ಸುಮಾರು ೧೬೦೦ರಿಂದ ೧೭೫೦ರ ವರೆಗಿನ ಕಾಲಕ್ಕೆ ಸಂಗೀತಚರಿತ್ರಕಾರರು ಬರೋಕ್ ಎಂದು ಹೆಸರಿಟ್ಟಿದ್ದಾರೆ. ಆ ಕಾಲದ ವಾದ್ಯಸಂಗೀತದಲ್ಲಿ ಈ ರೀತಿಯು ಒಂದು ಸ್ವತಂತ್ರವಾದ ಕೃತಿರೂಪವಾಗಿಯೇ ನಿಂತಿತು. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖನು ೧೭೪೧ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚು ಹಾಕಿಸಿದ ಕೃತಿಯ ಮುಖಪುಟದಲ್ಲಿ ಅವನೇ ಬಳಸಿರುವ ಜರ್ಮನ್ ಶಬ್ದಕ್ಕೆ 'ಮಾರ್ಪಾಟುಗಳು' ಎಂಬುದೇ ನೇರವಾದ ಅರ್ಥವಾದುದರಿಂದ ನಾವೂ ಇಲ್ಲಿ ಆ ಶಬ್ದವನ್ನೇ ಬಳಸುವೆವು.

ಇಂಥ ಕೃತಿಗಳನ್ನು ಇಂದು ಪಿಯಾನೋದಲ್ಲಿ ಕಲಿತು ನುಡಿಸಹೊರಟವನು ಅವುಗಳ ಅರ್ಥವನ್ನು ಯಾವ ದಾರಿಯಿಂದ ಹಿಡಿಯಬೇಕು? ಅದರಲ್ಲಿಯೂ ನಮ್ಮ ಸೀಮೆಯಲ್ಲಿ ಕಿವಿ ಬೆಳೆದವನಿಗೆ ಆ ದಾರಿಯಲ್ಲಿ ಯಾವ ಅನುಕೂಲವುಂಟು, ಯಾವ ಅಡ್ಡಿಯುಂಟು? ಇದೇ ಪ್ರಕೃತ ಲೇಖನದ ವಿಷಯ. 'ನಮ್ಮ ಸೀಮೆ' ಎಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಡುವಣ ನಾಡು. ಇಲ್ಲಿ ಪಿಯಾನೋ ಮನೆಮಾತಲ್ಲ, ಪೇಟಿ ಮನೆಮಾತು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕೆಯ ತಂತಿ, ಬೈಲಹೊಂಗಲ ಪ್ರಾಂತದ ಕಥೆಯನ್ನೇ ಹೇಳುವ ಸಂಗ್ಯಾ-ಬಾಳ್ಯಾ ಸಣ್ಣಾಟದ ಹಿಮ್ಮೇಳ, ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ಪೇಟಿ-ತಬಲಾ, ಧಾರವಾಡ ಬೆಳಗಾವಿಗಳಿಂದ ಹರಿದುಬಂದ ಖ್ಯಾಲು - ಇವುಗಳ ನಡುವೆ ಇಲ್ಲಿಯ ಕಿವಿ ಹದಗೊಂಡಿದೆ.

ಈ ವಿಚಾರದಲ್ಲಿ ಎರಡು ಪಕ್ಷಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಅವರದು ಸ್ವರಗಳ ಮೇಳ, ನಮ್ಮದು ಸ್ವರಗಳ ಸಾಲು. ಆದುದರಿಂದ ಒಂದರ ಕಿವಿಗೆ ಇನ್ನೊಂದು ನಿಲುಕದು ಎಂಬುದು ಮೊದಲನೆಯ ಪಕ್ಷ. ಬಾಖನ ಮಾರ್ಪಾಟುಗಳು ನಮ್ಮ ಆಲಾಪ-ತಾನಗಳೇ, ಹೆಸರು ಮಾತ್ರ ಬೇರೆ ಎಂಬುದು ಎರಡನೆಯದು. ಇವೆರಡೂ ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಮೊದಲನೆಯದು ಕೇಳುವ ಮೊದಲೇ ಕಿವಿಯನ್ನು ಮುಚ್ಚುತ್ತದೆ. ಎರಡನೆಯದು ಕೇಳಿದ್ದನ್ನೇ ತಪ್ಪಾಗಿ ಕೇಳಿಸುತ್ತದೆ. ಪರನಾಡಿನ ಕಾವ್ಯವನ್ನು ಪಾಠ ಹೇಳುವ ಅಧ್ಯಾಪಕರಿಗೂ ಇದೇ ತೊಡಕು ದಿನದಿನವೂ ಎದುರಾಗುವುದರಿಂದ ಸಂಗೀತದ ಈ ಉದಾಹರಣೆಯು ಸಾಹಿತ್ಯದ ವಾಚಕರಿಗೂ ಅನುಪಯುಕ್ತವಾಗಲಾರದು.

೨

ಮೊದಲು ಸರಳವಾದ ಒಂದು ಕೃತಿಯನ್ನು ನೋಡೋಣ. ಹ್ಯಾಂಡೆಲನು ಲಂಡನ್ನಿನಲ್ಲಿ ೧೭೨೦ರಲ್ಲಿ ಪ್ರಕಟಿಸಿದ ವಾದ್ಯಗುಚ್ಛಗಳಲ್ಲಿ ಐದನೆಯದರ ಕೊನೆಗೆ ಒಂದು ಪುಟ್ಟ ಹಾಡಿನ ವರಸೆ, ಅದಕ್ಕೆ ಐದು ಮಾರ್ಪಾಟುಗಳು ಬರುತ್ತವೆ. 'ಇಂಪಿನ ಕಮ್ಮಾರ' ಎಂಬ ಅಡ್ಡಹೆಸರಿನಿಂದ ಅದು ಲೋಕಪ್ರಸಿದ್ಧ. ಆ ಹೆಸರನ್ನು ಹ್ಯಾಂಡೆಲನು ಇಟ್ಟುದಲ್ಲ, ಹತ್ತೊಂಬತ್ತನೆಯ ಶತಮಾನದವರು ಕಟ್ಟಿದ್ದು. ಇಲ್ಲಿ ಮಾರ್ಪಾಟಿನ ಗುಟ್ಟು ಪೂರ್ತಿಯಾಗಿ ಲಯದಲ್ಲಿದೆ. ಮೊದಲನೆಯದರಲ್ಲಿ ಬಲಗೈ ಒಂದು ಮಾತ್ರೆಗೆ ನಾಲ್ಕು ಸ್ವರ ನುಡಿಸುತ್ತದೆ. ಎರಡನೆಯದರಲ್ಲಿ ಅದೇ ಕೆಲಸ ಎಡಗೈಗೆ ಬರುತ್ತದೆ. ಮೂರನೆಯದರಲ್ಲಿ ಬಲಗೈಗೂ ನಾಲ್ಕನೆಯದರಲ್ಲಿ ಎಡಗೈಗೂ ಮಾತ್ರೆಗೆ ಆರು. ಐದನೆಯದರಲ್ಲಿ ಎರಡು ಕೈಗಳೂ ಸರದಿಯಿಂದ ಮಾತ್ರೆಗೆ ಎಂಟರಂತೆ ಓಡುತ್ತವೆ. ಇಂಥ ಮಾರ್ಪಾಟಿಗೆ ಫ್ರೆಂಚರು ಇಟ್ಟ ಹೆಸರಿಗೆ 'ಇಮ್ಮಡಿ' ಎಂದೇ ಅರ್ಥ. ದುಗುನ್ ಚೌಗುನ್‌ಗಳನ್ನು ಬಲ್ಲ ನಮ್ಮ ತಬಲಾ ಕಲಿಯುವ ಹುಡುಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೇಳಬೇಕಾದುದು ಇಷ್ಟೇ: ದುಗುನ್ ಮಾಡಿದಾಗ ಠೇಕಾ ಓಡುವುದಿಲ್ಲ. ಸ್ವರಗಳು ದಟ್ಟವಾದುವೆಂದು ವಾದಕನು ಮಾತ್ರೆಯನ್ನೂ ಅವಸರಪಡಿಸಿದರೆ ಹ್ಯಾಂಡೆಲನ ಲೆಕ್ಕವೇ ಕೆಡುತ್ತದೆ. ನಾಲ್ಕು, ಆರು, ಎಂಟು ಎಂಬ ಏರಿಕೆಯು ಕಿವಿಗೆ ತಿಳಿಯಬೇಕಾದರೆ ಅಡಿಯ ಮಾತ್ರೆ ಅಲುಗದೆ ನಿಲ್ಲಬೇಕು. ಪಿಯಾನೋದ ಮುಂದೆ ಕುಳಿತ ಹೊಸಬರು ಕೊನೆಯ ಮಾರ್ಪಾಟನ್ನು ಬೆರಳಿನ ಪರಾಕ್ರಮಕ್ಕೆಂದು ನುಗ್ಗಿಸಿ ಬಿಡುವುದುಂಟು. ನಮ್ಮಲ್ಲಿ ಸಮದ ಮೇಲೆ ಬಂದು ಬೀಳಲಾರದ ತಾನವು ಎಷ್ಟು ಚೆಲುವಾಗಿದ್ದರೂ ದೋಷವೇ ಆಗುವಂತೆ, ಅಲ್ಲಿ ಈ ನುಗ್ಗುವಿಕೆಯೂ ದೋಷವೇ.

೩

ಬಾಖನ ಕೃತಿಯು ಇದಕ್ಕಿಂತ ಬಹು ಗಹನವಾದುದು. ಮೊದಲಿಗೆ ಒಂದು ನಿಧಾನವಾದ ಹಾಡಿನ ವರಸೆ. ಅನಂತರ ೩೦ ಮಾರ್ಪಾಟುಗಳು. ಕೊನೆಗೆ ಆ ಮೊದಲಿನ ವರಸೆಯೇ ಒಂದು ಸ್ವರವೂ ಬದಲಾಗದೆ ತಿರುಗಿ ಬರುತ್ತದೆ. ಹೀಗೆ ಒಟ್ಟು ೩೨ ಭಾಗಗಳು. ಮೂಲದ ವರಸೆಯಲ್ಲಿಯೂ ಮೂರು ಮಾತ್ರೆಯ ೩೨ ಗಣಗಳುಂಟು. ಅವು ೧೬ರಂತೆ ಎರಡು ದಳಗಳಾಗಿ ಒಡೆದಿವೆ. ಒಂದೊಂದು ದಳವನ್ನೂ ಎರಡೆರಡು ಸಲ ನುಡಿಸಬೇಕೆಂದು ಗುರುತಿದೆ.

ಇಲ್ಲಿ ಹೊಸಬನು ಮಾಡುವ ಮೊದಲನೆಯ ತಪ್ಪು ಮೂಲವನ್ನು ಮೇಲಿನ ಸ್ವರಗಳಲ್ಲಿ ಹುಡುಕುವುದು. ಹಾಡಿನ ಮೇಲಿನ ವರಸೆಯು ಅಂದವಾಗಿದೆ, ಕಿವಿಯನ್ನು ಸೆಳೆಯುತ್ತದೆ. ಆದರೆ ಮೊದಲನೆಯ ಮಾರ್ಪಾಟಿಗೆ ಬರುತ್ತಲೇ ಅದು ಮಾಯವಾಗುತ್ತದೆ, ಮತ್ತೆ ಕಾಣುವುದು ಕೃತಿಯ ತುದಿಯಲ್ಲಿಯೇ. ಮೂವತ್ತು ಮಾರ್ಪಾಟುಗಳಿಗೂ ಆಧಾರವಾದುದು ಎಡಗೈಯ ಕೆಳಗಿನ ಸಾಲು. ಅದನ್ನು ನಾವು ತಳಸ್ವರವೆನ್ನೋಣ. ಅದರ ಮೊದಲ ಎಂಟು ಗಣಗಳ ಸ್ವರಗಳನ್ನು ನಮ್ಮ ಸಂಜ್ಞೆಯಲ್ಲಿ ಬರೆದರೆ ಸ, ನಿ, ದ, ಪ, ಗ, ಮ, ಪ, ಸ ಎಂದಾಗುತ್ತದೆ. ಎಲ್ಲವೂ ಬಿಲಾವಲದ ಶುದ್ಧ ಸ್ವರಗಳೇ. ಪೇಟಿಯಲ್ಲಿ ಯಾರಾದರೂ ಒಂದು ನಿಮಿಷದಲ್ಲಿ ನುಡಿಸಿ ನೋಡಬಹುದು. ಇವು ಬಾಖನ ಸ್ವಂತ ಸೊತ್ತೂ ಅಲ್ಲ. ಹ್ಯಾಂಡೆಲನು ೬೨ ಮಾರ್ಪಾಟುಗಳನ್ನು ಕಟ್ಟಿದ ಇನ್ನೊಂದು ಕೃತಿಯ ತಳವೂ ಈ ಎಂಟು ಸ್ವರಗಳೇ. ಷಟ್ಪದಿಯ ಅಚ್ಚು ಯಾವೊಬ್ಬ ಕವಿಯದೂ ಅಲ್ಲದಂತೆ, ಈ ತಳವೂ ಆ ಕಾಲದವರಿಗೆಲ್ಲ ಸಮಾನವಾದ ಹಕ್ಕಿನ ಸೊತ್ತಾಗಿತ್ತು. ಹ್ಯಾಂಡೆಲನು ಎಂಟಕ್ಕೇ ನಿಲ್ಲಿಸಿದನು. ಬಾಖನು ಅದನ್ನು ೩೨ಕ್ಕೆ ಬೆಳೆಸಿದನು. ಇಬ್ಬರ ಯೋಗ್ಯತೆಗೂ ಇರುವ ಅಂತರವನ್ನು ಅಳೆಯಲು ಇದೊಂದು ನೆಲೆ.

ಈ ತಳದ ಮೇಲೆ ಬಾಖನು ಇಟ್ಟ ವ್ಯವಸ್ಥೆಯು ಗಣಿತದಂತೆ ಖಚಿತವಾಗಿದೆ. ಮೂರು, ಆರು, ಒಂಬತ್ತು ಎಂದು ಪ್ರತಿ ಮೂರನೆಯ ಮಾರ್ಪಾಟು ಒಂದು ಬೆನ್ನಟ್ಟು ಹಾಡು: ಒಂದು ದನಿ ಹೊರಡುತ್ತದೆ, ಸ್ವಲ್ಪ ತಡೆದು ಇನ್ನೊಂದು ಅದನ್ನೇ ಹೇಳುತ್ತ ಹಿಂಬಾಲಿಸುತ್ತದೆ. ಮೂರನೆಯದರಲ್ಲಿ ಎರಡನೆಯ ದನಿ ಅದೇ ಸ್ವರದಿಂದ, ಆರನೆಯದರಲ್ಲಿ ಒಂದು ಸ್ವರ ಮೇಲಿನಿಂದ, ಹೀಗೆ ಏರುತ್ತ ೨೭ನೆಯದರಲ್ಲಿ ಒಂಬತ್ತನೆಯ ಸ್ವರದ ಅಂತರದಿಂದ ಹೊರಡುತ್ತದೆ. ೧೨, ೧೫ ಇವುಗಳಲ್ಲಿ ಹಿಂಬಾಲಿಸುವ ದನಿಯು ಆರೋಹಕ್ಕೆ ಅವರೋಹವನ್ನೂ ಅವರೋಹಕ್ಕೆ ಆರೋಹವನ್ನೂ ಉತ್ತರವಾಗಿ ಕೊಡುತ್ತದೆ. ೧೬ನೆಯದು ಫ್ರೆಂಚ್ ಗತ್ತಿನ ಪೀಠಿಕೆ. ಕೃತಿಯ ನಡುವೆ ಎರಡನೆಯ ಅಂಕಕ್ಕೆ ಪರದೆ ಎತ್ತಿದಂತೆ ಅದು ನಿಂತಿದೆ. ೧೫, ೨೧, ೨೫ ಈ ಮೂರರಲ್ಲಿ ಮಾತ್ರ ಗಾಂಧಾರವು ಕೋಮಲವಾಗಿ ರಸವೇ ಬೇರೆಯಾಗುತ್ತದೆ. ೩೦ನೆಯದರಲ್ಲಿ, ಬೆನ್ನಟ್ಟು ಹಾಡು ಬರಬೇಕಾದ ಸ್ಥಾನದಲ್ಲಿ, ಎರಡು ಹಳ್ಳಿಯ ಹಾಡುಗಳು ಒಂದಕ್ಕೊಂದು ಹೆಣೆದುಕೊಂಡು ಬರುತ್ತವೆ. ಒಂದು ಬಹುಕಾಲದ ಅಗಲಿಕೆಯನ್ನು ಹೇಳುವುದು. ಮತ್ತೊಂದು ಕೋಸು-ಗಡ್ಡೆಗಳ ಅಡಿಗೆಯ ಮೇಲೆ ದೂರುವುದು. ವಿದ್ವತ್ತಿನ ಶಿಖರಕ್ಕೆ ಏರಿದ ಕವಿಯು ಅಲ್ಲಿ ಹಳ್ಳಿಗರನ್ನು ಕರೆದು ಕೂಡ್ರಿಸಿದ್ದಾನೆ. ಸಣ್ಣಾಟದ ನಾಡಿನವರಿಗೆ ಈ ನಗೆಯ ಸವಿ ತಿಳಿಯದಿರದು.

೪

ಇನ್ನು ನಮ್ಮ ಕಿವಿಯು ಇಲ್ಲಿ ಯಾವ ನೆರವನ್ನು ಕೊಡಬಲ್ಲುದೆಂಬುದನ್ನು ವಿಚಾರಿಸುವ.

ತಬಲಾದ ಸ್ವತಂತ್ರ ವಾದನ ನಡೆದಾಗ ಪೇಟಿಯವನು ಒಂದು ಆವರ್ತನದ ಲೆಹರಾವನ್ನು ಎಡೆಬಿಡದೆ ನುಡಿಸುತ್ತಿರುತ್ತಾನೆ. ಅದು ಮೊದಲಿಂದ ಕೊನೆಯ ವರೆಗೆ ಒಂದೇ. ಅದರ ಮೇಲೆ ತಬಲಾದವನು ಪೇಶಕಾರ, ಕಾಯದಾ, ರೇಲಾಗಳನ್ನು ಬೆಳೆಸುತ್ತಾನೆ. ಕಾಯದಾದಲ್ಲಿಯಂತೂ ಒಂದು ಕಟ್ಟುನಿಟ್ಟುಂಟು: ಮುಖದಲ್ಲಿ ಬಂದ ಬೋಲುಗಳನ್ನೇ ಹಿಂದುಮುಂದು ಮಾಡಿ ಪಲ್ಟಾಗಳನ್ನು ಕಟ್ಟಬೇಕು, ಹೊರಗಿನ ಬೋಲು ಸಲ್ಲದು. ಕೇಳುವವನ ಕಿವಿ ಏಕಕಾಲಕ್ಕೆ ಎರಡು ಕೆಲಸ ಮಾಡುತ್ತದೆ: ಲೆಹರಾದ ಎಣಿಕೆಯನ್ನು ಹಿಡಿದಿರುತ್ತದೆ, ಪಲ್ಟಾದ ಹೊಸತನವನ್ನೂ ಸವಿಯುತ್ತದೆ. ಬಾಖನ ಮಾರ್ಪಾಟುಗಳು ಕೇಳುವವನಿಂದ ಬೇಡುವುದು ಈ ಇಬ್ಬಗೆಯ ಗಮನವನ್ನೇ. ಆವರ್ತನವನ್ನು ಕೈಬೆರಳುಗಳ ಮೇಲೆ ಎಣಿಸುತ್ತ ಬೆಳೆದವರಿಗೆ ೩೨ ಗಣಗಳ ದೀರ್ಘವಾದ ಆವರ್ತನವನ್ನು ಮನಸ್ಸಿನಲ್ಲಿ ಹಿಡಿಯುವ ಅಭ್ಯಾಸವು ಬೇಗನೆ ಬರುತ್ತದೆ.

ಸಾಹಿತ್ಯದ ಅಧ್ಯಾಪಕರಿಗೆ ಇನ್ನೂ ಹತ್ತಿರದ ಉಪಮಾನವೊಂದುಂಟು. ಭಾಮಿನೀ ಷಟ್ಪದಿಯ ಪದ್ಯಕ್ಕೆ ೧೦೨ ಮಾತ್ರೆಗಳು. ಮೂರು-ನಾಲ್ಕರ ಗಣಗಳ ಹೆಣಿಗೆ. ಮೂರನೆಯ ಮತ್ತು ಆರನೆಯ ಪಾದಗಳ ಕೊನೆಗೆ ಗುರು. ಕುಮಾರವ್ಯಾಸನ ಭಾರತದ ಉದ್ದಕ್ಕೂ ಈ ಕಟ್ಟು ಬದಲಾಗದು. ಆದರೂ ಯುದ್ಧದ ಪದ್ಯದ ನಡೆಗೂ ವಿಲಾಪದ ಪದ್ಯದ ನಡೆಗೂ ಅಜಗಜಾಂತರ. ಗಣವಿಭಾಗ ಮಾಡಿ ತೋರಿಸುವುದು ಪದ್ಯದ ಅರ್ಥ ಹೇಳಿದಂತಲ್ಲ. ಗಣವಿಭಾಗವೇ ತಿಳಿಯದವನು ಅರ್ಥದ ಓಟವನ್ನೂ ಹಿಡಿಯಲಾರನು. ತಳಸ್ವರಕ್ಕೂ ಮಾರ್ಪಾಟಿಗೂ ಇರುವ ಸಂಬಂಧ ಇದೇ.

ಅದರಲ್ಲಿಯೂ ಗಮಕಿಯ ಕಲೆಯು ಪಿಯಾನೋ ವಾದಕನ ಕಲೆಗೆ ಖ್ಯಾಲು ಗಾಯಕನ ಕಲೆಗಿಂತ ಹತ್ತಿರವಾದುದೆಂದು ನಮಗೆ ತೋರುತ್ತದೆ. ಖ್ಯಾಲಿನಲ್ಲಿ ಮಾರ್ಪಾಟುಗಳನ್ನು ಆ ಕ್ಷಣದಲ್ಲಿ ಹುಟ್ಟಿಸುವವನು ಗಾಯಕನೇ. ಬಾಖನ ಕೃತಿಯಲ್ಲಿ ಅವನ್ನು ಕವಿಯೇ ಬರೆದಿಟ್ಟಿದ್ದಾನೆ; ವಾದಕನು ಒಂದನ್ನೂ ಸೇರಿಸುವಂತಿಲ್ಲ. ಗಮಕಿಯೂ ಅಂತೆಯೇ ಅಕ್ಷರಗಳನ್ನು ಬದಲಿಸಲಾರನು. ಎಲ್ಲಿ ನಿಲ್ಲಬೇಕು, ಯಾವ ಪದಕ್ಕೆ ಒತ್ತು ಕೊಡಬೇಕು, ಯಾವ ಭಾವಕ್ಕೆ ಯಾವ ನಡೆ ಸಲ್ಲುವುದು ಎಂಬುದರಲ್ಲಿ ಅವನ ಪ್ರತಿಭೆ. ಆದುದರಿಂದ ಬಾಖನ ಮಾರ್ಪಾಟನ್ನು ತಾನದಂತೆ ನುಡಿಸಹೊರಟವನು ದಾರಿ ತಪ್ಪುವನು. ವಾಚನದಂತೆ ನುಡಿಸಹೊರಟವನು ದಾರಿಯಲ್ಲಿರುವನು.

೫

ಈಗ ಅಡ್ಡಿಗಳ ಮಾತು. ಇವುಗಳಲ್ಲಿ ಎಲ್ಲಕ್ಕೂ ದೊಡ್ಡದು ಷಡ್ಜಕ್ಕೆ ಸಂಬಂಧಿಸಿದುದು.

ನಮ್ಮ ಸಂಗೀತದಲ್ಲಿ ಆಧಾರಷಡ್ಜವು ಅಚಲ. ತಂಬೂರಿಯ ಶ್ರುತಿ ಒಮ್ಮೆ ಕೂಡಿತೆಂದರೆ ಕಚೇರಿ ಮುಗಿಯುವ ವರೆಗೆ ಅದೇ ನೆಲ. ಬಾಖನ ವರಸೆಯಲ್ಲಾದರೋ ೮ನೆಯ ಗಣಕ್ಕೆ ಷಡ್ಜದ ಮೇಲೆ ನಿಲುಗಡೆ. ೧೬ನೆಯ ಗಣಕ್ಕೆ ಪಂಚಮದ ಮೇಲೆ. ೨೪ನೆಯದಕ್ಕೆ ಧೈವತದ ಮೇಲೆ. ೩೨ನೆಯದಕ್ಕೆ ತಿರುಗಿ ಷಡ್ಜ. ಪಂಚಮದಲ್ಲಿ ನ್ಯಾಸ ಮಾಡುವುದು ನಮಗೂ ಹೊಸತಲ್ಲ. ಆದರೆ ಅಲ್ಲಿ ಪಂಚಮವು ನ್ಯಾಸಸ್ವರವಾಗಿ ನಿಲ್ಲುವುದಿಲ್ಲ, ತಾನೇ ಷಡ್ಜವಾಗಿಬಿಡುತ್ತದೆ. ಆ ಹೊಸ ಷಡ್ಜಕ್ಕೆ ನಿಷಾದ ಬೇಕಾದುದರಿಂದ ಶುದ್ಧ ಮಧ್ಯಮದ ಸ್ಥಾನದಲ್ಲಿ ತೀವ್ರ ಮಧ್ಯಮವು ಬರುತ್ತದೆ. ನಮ್ಮ ಕಿವಿಯು ಕೂಡಲೆ 'ಬಿಲಾವಲದಿಂದ ಯಮನಿಗೆ ಹೋದನು' ಎನ್ನುತ್ತದೆ. ಅದು ಸರಿಯಲ್ಲ. ರಾಗ ಬದಲಾಗಲಿಲ್ಲ, ನೆಲ ಬದಲಾಯಿತು. ಮುಂದೆ ಧೈವತವು ಷಡ್ಜವಾಗುವಾಗ ಕೋಮಲ ಧೈವತದ ಮನೆಯು ದನಿಗೊಳ್ಳುತ್ತದೆ. ಅದನ್ನು ಕೇಳಿ ಭೈರವದ ಛಾಯೆಯೆಂದು ಭ್ರಮಿಸುವುದು ಸುಲಭ. ವಸ್ತುತಃ ಅದು ಹೊಸ ಷಡ್ಜದ ಕೆಳಗಣ ನಿಷಾದ. ನಮ್ಮ ಶಾಸ್ತ್ರದಲ್ಲಿಯ ಮೂರ್ಛನೆಯ ವಿಚಾರವನ್ನು ಬಲ್ಲವರಿಗೆ ಇದರ ತತ್ವ ತಿಳಿದೀತು. ಅಭ್ಯಾಸವು ಮಾತ್ರ ಬೇರೆಯಾಗಿ ಬೇಕು. ತಂಬೂರಿಯನ್ನೋ ಶ್ರುತಿಪೆಟ್ಟಿಗೆಯನ್ನೋ ಹಚ್ಚಿಕೊಂಡು ಈ ಕೃತಿಯನ್ನು ಅಭ್ಯಾಸ ಮಾಡುವವನು ಎರಡನೆಯ ಎಂಟು ಗಣಗಳಲ್ಲಿಯೇ ಅದನ್ನು ಕೊಂದಂತಾಗುವುದು. ಅಚಲವಾದ ಶ್ರುತಿಯು ಆ ಪ್ರಯಾಣವನ್ನೇ ಅಳಿಸಿಹಾಕುತ್ತದೆ. ಮನೆ ಬಿಟ್ಟು ಹೋಗದವನಿಗೆ ಮನೆಗೆ ಬಂದ ಸುಖವೆಲ್ಲಿಯದು?

ಎರಡನೆಯ ಅಡ್ಡಿ ದನಿಗಳ ಬಹುತ್ವ. ಬೆನ್ನಟ್ಟು ಹಾಡಿನಲ್ಲಿ ಎರಡು ದನಿಗಳೂ ಸಮಾನ. ಒಂದು ಹಾಡು, ಇನ್ನೊಂದು ಸಾಥಿ ಎಂಬ ಭೇದವಿಲ್ಲ. ನಮ್ಮ ಪೇಟಿಯವನು ಗಾಯಕನ ಬೆನ್ನ ಹಿಂದೆ ನೆರಳಿನಂತೆ ಹೋಗುತ್ತಾನೆ. ಅವನ ಹಿರಿಮೆಯೆಲ್ಲ ತನ್ನನ್ನು ಮರೆಸಿಕೊಳ್ಳುವುದರಲ್ಲಿ. ಈ ಸಂಸ್ಕಾರದಿಂದ ಬಂದವನು ಬಾಖನ ಎರಡನೆಯ ದನಿಯನ್ನು ನೆರಳೆಂದು ತಿಳಿದು ಮೆಲ್ಲಗೆ ನುಡಿಸಿಬಿಟ್ಟರೆ ಸಂವಾದವೇ ಹೋಗಿ ಪ್ರತಿಧ್ವನಿ ಉಳಿಯುತ್ತದೆ. ಜೊತೆಗೆ, ಲೆಹರಾವು ಕಿವಿಗೆ ಸದಾ ಕೇಳುತ್ತದೆ. ಬಾಖನ ತಳಸ್ವರವು ಹಾಗಲ್ಲ. ಒಮ್ಮೊಮ್ಮೆ ಅದು ಅಲಂಕಾರಗಳಲ್ಲಿ ಅಡಗುತ್ತದೆ. ೨೭ನೆಯ ಬೆನ್ನಟ್ಟಿನಲ್ಲಿಯಂತೂ ಬೇರೆ ಕೆಳದನಿಯೇ ಇಲ್ಲ. ಎರಡು ದನಿಗಳೇ ತಳದ ದಾರಿಯನ್ನು ಸೂಚಿಸುತ್ತ ನಡೆಯುತ್ತವೆ.

ಮೂರನೆಯ ಅಡ್ಡಿ ಏರಿಕೆಯ ನಿರೀಕ್ಷೆ. ವಿಲಂಬಿತದಿಂದ ದ್ರುತಕ್ಕೆ ಏರಿ ಮುಗಿಯುವುದು ನಮ್ಮ ಕಚೇರಿಯ ಕ್ರಮ. ಹ್ಯಾಂಡೆಲನ ಕಮ್ಮಾರನು ಈ ನಿರೀಕ್ಷೆಯನ್ನು ತಣಿಸುತ್ತಾನೆ, ಬಾಖನು ತಣಿಸುವುದಿಲ್ಲ. ಕೃತಿಯು ಮುಕ್ಕಾಲು ದಾಟಿ, ವೇಗವು ಕೂಡಿಬರಬೇಕಾದ ಹೊತ್ತಿನಲ್ಲಿ ೨೫ನೆಯ ಮಾರ್ಪಾಟು ಬರುತ್ತದೆ: ಅತ್ಯಂತ ನಿಧಾನ, ಅತ್ಯಂತ ಶೋಕಗರ್ಭಿತ. ಅದರ ಮುಂದೆ ೨೬ರಿಂದ ೨೯ರ ವರೆಗೆ ಬೆಳಕು ಒಡೆದಂತೆ ಓಟ. ಇವುಗಳ ನಡುವೆ ವಾದಕನು ಎಷ್ಟು ಉಸಿರು ಬಿಡಬೇಕೆಂಬುದು ಇಡೀ ಕೃತಿಯ ವ್ಯಾಖ್ಯಾನದಲ್ಲಿ ಒಂದು ಮುಖ್ಯವಾದ ಪ್ರಶ್ನೆ.

೬

ವಾದ್ಯದ ಪ್ರಶ್ನೆಯನ್ನು ಬಿಟ್ಟು ಈ ವಿಚಾರವು ಪೂರ್ಣವಾಗದು. ಬಾಖನ ಮುಖಪುಟವು ಎರಡು ಮನೆಸಾಲುಗಳುಳ್ಳ ಹಾರ್ಪ್ಸಿಕಾರ್ಡಿಗಾಗಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಆ ವಾದ್ಯದಲ್ಲಿ ತಂತಿಯನ್ನು ಮೀಟುವ ಯಂತ್ರವುಂಟು. ಬೆರಳನ್ನು ಎಷ್ಟು ಬಲವಾಗಿ ಒತ್ತಿದರೂ ದನಿಯ ಗಾತ್ರ ಹೆಚ್ಚುಕಡಮೆ ಅಷ್ಟೇ. ೧೧ ಮಾರ್ಪಾಟುಗಳು ಎರಡು ಸಾಲುಗಳಿಗೆಂದೇ ಬರೆದವು. ಅಲ್ಲಿ ಕೈಗಳು ಒಂದರ ಮೇಲೊಂದು ಹಾಯ್ದು ಹೋಗುತ್ತವೆ. ಪಿಯಾನೋದಲ್ಲಿ ಇರುವುದು ಒಂದೇ ಸಾಲು. ಎರಡು ಕೈಗಳೂ ಅದೇ ಮನೆಗಳಿಗಾಗಿ ಕಾದಾಡಬೇಕಾಗುತ್ತದೆ. ಇದಕ್ಕೆ ಪ್ರತಿಯಾಗಿ ಪಿಯಾನೋ ಒಂದು ಶಕ್ತಿಯನ್ನು ಕೊಡುತ್ತದೆ: ಎರಡು ದನಿಗಳಲ್ಲಿ ಯಾವುದನ್ನಾದರೂ ಮುಂದಕ್ಕೆ ತರಬಹುದು. ಈ ಶಕ್ತಿಯು ವರವೂ ಹೌದು, ಶಾಪವೂ ಹೌದು. ತಳಸ್ವರವನ್ನು ಸ್ವಲ್ಪ ಎತ್ತಿ ತೋರಿಸುವುದು ವ್ಯಾಖ್ಯಾನ. ಕಣ್ಣೀರು ಬರಿಸಲೆಂದು ಪ್ರತಿ ಸ್ವರವನ್ನೂ ಉಬ್ಬಿಸಿ ತಗ್ಗಿಸುವುದು ಹತ್ತೊಂಬತ್ತನೆಯ ಶತಮಾನದ ಉಡುಪನ್ನು ಹದಿನೆಂಟನೆಯ ಶತಮಾನದವನಿಗೆ ತೊಡಿಸಿದಂತೆ.

ಇಲ್ಲಿ ನಮ್ಮ ಪೇಟಿಯ ಚರಿತ್ರೆಯು ಉಪಯುಕ್ತವಾದ ಪಾಠವನ್ನು ಹೇಳುತ್ತದೆ. ಹನ್ನೆರಡು ಸ್ವರಗಳನ್ನು ಶಾಶ್ವತವಾಗಿ ಕಟ್ಟಿಹಾಕಿದ, ಮೀಂಡು ತೆಗೆಯಲಾರದ ವಾದ್ಯವೆಂದು ಪೇಟಿಯನ್ನು ಪರಕೀಯರೂ ಸ್ವಕೀಯರೂ ಹಳಿದರು. ೧೯೪೦ನೆಯ ಇಸವಿಯ ಮಾರ್ಚ್ ೧ರಿಂದ ಆಕಾಶವಾಣಿಯಲ್ಲಿ ಅದಕ್ಕೆ ಬಹಿಷ್ಕಾರ ಬಿದ್ದಿತು. ಅದು ಸಡಿಲವಾಗಲು ಸುಮಾರು ಮೂರು ದಶಕಗಳು ಹಿಡಿದವು. ಆಕ್ಷೇಪವು ಸುಳ್ಳಲ್ಲ. ಎಲ್ಲಮ್ಮನ ಗುಡ್ಡದ ಚೌಡಿಕೆಯವಳು ಒಂದೇ ತಂತಿಯನ್ನು ಬಿಗಿದು ಸಡಿಲಿಸಿ ಎರಡು ಸ್ವರಗಳ ನಡುವಣ ದಾರಿಯನ್ನೆಲ್ಲ ಹಾಡಿಸಬಲ್ಲಳು. ಪೇಟಿಗೆ ಆ ದಾರಿ ಮುಚ್ಚಿದೆ. ಆದರೆ ವಾದ್ಯದ ಮಿತಿಯು ಕಲೆಯ ಮಿತಿಯಲ್ಲವೆಂಬುದನ್ನು ನಮ್ಮ ಬೆಳಗಾವಿ ಜಿಲ್ಲೆಯವರೇ ತೋರಿಸಿಕೊಟ್ಟರು. ೧೯೧೭ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ನೆಲೆಸಿ, ೨೦೧೦ರಲ್ಲಿ ತೀರಿಕೊಂಡ ಪಂಡಿತ ರಾಮಭಾವು ವಿಜಾಪುರೆಯವರು ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿಯವರಂಥ ಗಾಯಕರಿಗೆ ಸಾಥಿ ಮಾಡಿದುದಲ್ಲದೆ ಸ್ವತಂತ್ರ ವಾದನದಲ್ಲಿಯೂ ಪೇಟಿಗೆ ಗೌರವವನ್ನು ತಂದರು. ಮೀಂಡು ಬಾರದ ಸ್ಥಳದಲ್ಲಿ ಕಣಸ್ವರದಿಂದ, ತಿದಿಯ ಹದದಿಂದ, ಬೆರಳನ್ನು ಮನೆಯಿಂದ ಎತ್ತುವ ಹೊತ್ತಿನಿಂದ ಭಾವವನ್ನು ಹುಟ್ಟಿಸುವುದು ಈ ಕಲೆಯ ಮರ್ಮ.

ಹಾರ್ಪ್ಸಿಕಾರ್ಡಿನ ಕಲೆಯೂ ಇದೇ ಇಕ್ಕಟ್ಟಿನಿಂದ ಹುಟ್ಟಿತು. ದನಿಯನ್ನು ಉಬ್ಬಿಸಲಾರದ ವಾದ್ಯದಲ್ಲಿ ಒಂದು ಸ್ವರಕ್ಕೆ ಒತ್ತು ಕೊಡಬೇಕಾದರೆ ಅದನ್ನು ತುಸು ತಡೆದು ನುಡಿಸಬೇಕು, ಇಲ್ಲವೆ ಅಲಂಕರಿಸಬೇಕು. ಆದುದರಿಂದ ಬಾಖನ ವರಸೆಯಲ್ಲಿ ದಟ್ಟವಾಗಿ ಕಾಣುವ ಅಲಂಕಾರಗಳು ಬರಿಯ ಒಡವೆಗಳಲ್ಲ. ಅವು ಮಾತಿನ ಕಾಕುಗಳು. ೧೭೨೦ರಲ್ಲಿ ಬಾಖನು ತನ್ನ ಹಿರಿಯ ಮಗನಿಗಾಗಿ ಆರಂಭಿಸಿದ ಅಭ್ಯಾಸಪುಸ್ತಕದಲ್ಲಿ ಒಂದೊಂದು ಅಲಂಕಾರಚಿಹ್ನೆಯನ್ನೂ ಹೇಗೆ ನುಡಿಸಬೇಕೆಂಬ ಪಟ್ಟಿಯನ್ನು ಕೊಟ್ಟಿದ್ದಾನೆ. ಕಲಿಯುವವನು ಅದನ್ನು ಬಾಯಿಪಾಠ ಮಾಡಲೇಬೇಕು. ಆದರೆ ಪಟ್ಟಿಯಲ್ಲಿಯ ಸ್ವರಗಳನ್ನು ಸಮನಾಗಿ ಎಣಿಸಿ ನುಡಿಸಿದರೆ ಕಾಕು ಸತ್ತು ಕಸರತ್ತು ಉಳಿಯುತ್ತದೆ. ಕಣಸ್ವರವನ್ನು ಬಲ್ಲ ಪೇಟಿಯವನಿಗೆ ಈ ಮಾತಿನ ಅರ್ಥ ಬೆರಳಿಗೇ ತಿಳಿದಿರುತ್ತದೆ.

೭

ವ್ಯಾಖ್ಯಾನವು ಊಹೆಯ ಮೇಲಲ್ಲ, ಪ್ರಮಾಣದ ಮೇಲೆ ನಿಲ್ಲಬೇಕೆಂಬುದಕ್ಕೆ ಈ ಕೃತಿಯೇ ಒಳ್ಳೆಯ ನಿದರ್ಶನಗಳನ್ನು ಕೊಡುತ್ತದೆ. ನಿದ್ರೆ ಬಾರದ ಒಬ್ಬ ಶ್ರೀಮಂತನ ಬೇಸರವನ್ನು ಕಳೆಯಲು, ಅವನ ಆಶ್ರಯದಲ್ಲಿದ್ದ ಗೋಲ್ಡ್‌ಬರ್ಗ್ ಎಂಬ ತರುಣನಿಗಾಗಿ ಬಾಖನು ಇದನ್ನು ಬರೆದನೆಂಬ ಕಥೆಯನ್ನು ಫೋರ್ಕೆಲನು ೧೮೦೨ರಲ್ಲಿ ಅಚ್ಚಿಗೆ ತಂದನು. ಕೃತಿಗೆ ಗೋಲ್ಡ್‌ಬರ್ಗನ ಹೆಸರು ಅಂಟಿತು. ಆದರೆ ೧೭೨೭ರಲ್ಲಿ ಹುಟ್ಟಿದ ಗೋಲ್ಡ್‌ಬರ್ಗನಿಗೆ ಕೃತಿಯು ಅಚ್ಚಾದಾಗ ವಯಸ್ಸು ೧೪. ಮುಖಪುಟದಲ್ಲಿ ಯಾವ ಅರ್ಪಣೆಯೂ ಇಲ್ಲ. ಐತಿಹ್ಯವನ್ನು ನಂಬಿ ಇಡೀ ಕೃತಿಯನ್ನು ಜೋಗುಳದಂತೆ ನುಡಿಸುವುದು ತರವಲ್ಲ. ನಮ್ಮ ಕವಿಗಳ ಐತಿಹ್ಯಗಳಿಂದ ಕಾವ್ಯಾರ್ಥವನ್ನು ಹೊರಡಿಸುವ ಚಪಲಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ.

ಇನ್ನೊಂದು ನಿದರ್ಶನ ೭ನೆಯ ಮಾರ್ಪಾಟಿನದು. ಅದರ ತೂಗುವ ಲಯವನ್ನು ಕಂಡು ಅದನ್ನು ನಿಧಾನವಾದ ಗೋವಳರ ಹಾಡೆಂದು ತಿಳಿಯಲು ಅವಕಾಶವಿತ್ತು. ೧೯೭೪ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಬಾಖನ ಸ್ವಂತದ ಅಚ್ಚುಪ್ರತಿಯು ಬೆಳಕಿಗೆ ಬಂದಿತು. ಅದರಲ್ಲಿ ಅವನ ಕೈಯಿಂದಲೇ ಆ ಮಾರ್ಪಾಟು ಜೀಗ್ ಎಂಬ ಚುರುಕಾದ ಕುಣಿತದ ನಡೆಯದೆಂದೂ, ೨೫ನೆಯದು ನಿಧಾನವೆಂದೂ ಬರೆದಿದೆ. ಕೊನೆಯ ಹಾಳೆಯಲ್ಲಿ ತಳದ ಮೊದಲ ಎಂಟು ಸ್ವರಗಳ ಮೇಲೆ ೧೪ ಬೆನ್ನಟ್ಟುಗಳನ್ನೂ ಅವನು ಬರೆದಿಟ್ಟಿದ್ದಾನೆ. ಒಂದು ಟಿಪ್ಪಣಿಯಿಂದ ಒಂದು ಮಾರ್ಪಾಟಿನ ರಸವೇ ತಿರುಗಿತು. ಹಸ್ತಪ್ರತಿಯೊಂದರ ಪಾಠಾಂತರದಿಂದ ಪದ್ಯದ ಅರ್ಥವು ಬದಲಾಗುವುದನ್ನು ಕಂಡ ವಿದ್ವಾಂಸರು ಇದರ ಬೆಲೆಯನ್ನು ಬಲ್ಲರು. ಮತ್ತು ಆ ೧೪ ಬೆನ್ನಟ್ಟುಗಳು, ಕೃತಿಯ ಬೀಜವು ಮೇಲಿನ ಹಾಡಲ್ಲ, ತಳಸ್ವರವೇ ಎಂಬುದಕ್ಕೆ ಕವಿಯ ಕೈಬರಹದ ಸಾಕ್ಷಿಯಾಗಿವೆ.

ಧ್ವನಿಮುದ್ರಿತವಾಗಿರುವ ವಾದನಗಳಲ್ಲಿ ಎರಡು ಮಾರ್ಗಗಳು ವಿಮರ್ಶೆಗೆ ಯೋಗ್ಯವಾಗಿವೆ. ವಾಂಡಾ ಲಾಂಡೋವ್‌ಸ್ಕಾ ೧೯೩೩ರಲ್ಲಿ ಹಾರ್ಪ್ಸಿಕಾರ್ಡಿನಲ್ಲಿ ನುಡಿಸಿ ಕೃತಿಯನ್ನು ಅದರ ವಾದ್ಯಕ್ಕೆ ಮರಳಿಸಿದಳು. ಆದರೆ ಅವಳ ವಾದ್ಯವು ಪ್ಯಾರಿಸಿನ ಪ್ಲೆಯೆಲ್ ಕಾರ್ಖಾನೆಯಲ್ಲಿ ಇಪ್ಪತ್ತನೆಯ ಶತಮಾನದ ಹದಕ್ಕೆ ಕಟ್ಟಿದುದು. ಬಾಖನು ಕೇಳಿದ ದನಿ ಅದಲ್ಲ. ಹಳೆಯ ಹೆಸರಿನ ವಾದ್ಯ ಹಿಡಿದ ಮಾತ್ರಕ್ಕೆ ಹಳೆಯ ಅರ್ಥವು ಸಿದ್ಧಿಸದು. ಕೆನಡಾದ ಗ್ಲೆನ್ ಗೂಲ್ಡನು ಪಿಯಾನೋದಲ್ಲಿ ಇದನ್ನು ೧೯೫೫ರಲ್ಲಿಯೂ ೧೯೮೧ರಲ್ಲಿಯೂ ಮುದ್ರಿಸಿದನು. ಮೊದಲನೆಯದರಲ್ಲಿ ದಳಗಳ ಪುನರಾವೃತ್ತಿಯನ್ನೆಲ್ಲ ಬಿಟ್ಟು ಸುಮಾರು ೩೮ ನಿಮಿಷಗಳಲ್ಲಿ ಮುಗಿಸಿದನು. ದನಿಗಳು ಒಂದೊಂದೂ ಸ್ವಚ್ಛ; ಪಿಯಾನೋದ ಉಬ್ಬರವನ್ನು ಅವನು ಹತೋಟಿಯಲ್ಲಿಟ್ಟ ಬಗೆ ಅನು­ಕರಣೀಯ. ಆದರೆ ಪುನರಾವೃತ್ತಿಯನ್ನು ಬಿಟ್ಟುದರಿಂದ ದಳದ ತೂಕವು ಕಡಮೆಯಾಗಿ, ಕೇಳುವವನು ತಳವನ್ನು ಹಿಡಿಯುವಷ್ಟರಲ್ಲಿಯೇ ಮಾರ್ಪಾಟು ಮುಗಿದುಹೋಗುತ್ತದೆ. ಎರಡನೆಯ ಸಲ ಸುಮಾರು ೫೧ ನಿಮಿಷಗಳನ್ನು ತೆಗೆದುಕೊಂಡು, ಕೆಲವು ಪುನರಾವೃತ್ತಿಗಳನ್ನು ಉಳಿಸಿಕೊಂಡು, ಮಾರ್ಪಾಟಿನಿಂದ ಮಾರ್ಪಾಟಿಗೆ ಮಾತ್ರೆಯ ಲೆಕ್ಕದ ನಂಟನ್ನು ಬೆಸೆದನು. ಠೇಕಾದ ಅಖಂಡತೆಯನ್ನು ನಂಬಿದ ನಮ್ಮ ಕಿವಿಗೆ ಈ ಎರಡನೆಯದೇ ಹೆಚ್ಚು ಒಪ್ಪುತ್ತದೆ. ಆ ಒಪ್ಪಿಗೆಯು ಬರಿಯ ಅಭ್ಯಾಸಬಲದ್ದಲ್ಲ, ಒಂದೇ ತಳದ ಮೇಲೆ ನಿಂತ ಕೃತಿಗೆ ಲಯದ ಏಕಸೂತ್ರವೂ ಉಚಿತವೆಂಬ ಕಾರಣವುಳ್ಳದ್ದು.

೮

ಮೇಲಿನ ವಿಚಾರದಿಂದ ಕಲಿಯುವ ಕ್ರಮವೂ ತಾನಾಗಿ ಹೊರಡುತ್ತದೆ. ಮೊದಲು ತಳಸ್ವರವೊಂದನ್ನೇ ೩೨ ಗಣಗಳೂ ಬಾಯಿಂದ ಹಾಡಿ ಕಲಿಯಬೇಕು. ಪೇಟಿಯಲ್ಲಿಯೇ ಈ ಕೆಲಸವನ್ನು ಮಾಡಬಹುದು. ಅನಂತರ ಷಡ್ಜವು ಎಲ್ಲೆಲ್ಲಿ ಕದಲುವುದೆಂಬುದನ್ನು ಗುರುತಿಸಿ, ಪಂಚಮಕ್ಕೂ ಧೈವತಕ್ಕೂ ಹೋಗಿ ಹಿಂದಿರುಗುವುದನ್ನು ಕಿವಿಗೆ ಒಗ್ಗಿಸಬೇಕು. ಬೆನ್ನಟ್ಟುಗಳಲ್ಲಿ ಒಂದೊಂದು ದನಿಯನ್ನು ಬಿಡಿಬಿಡಿಯಾಗಿ ನುಡಿಸಿ, ಒಂದನ್ನು ಹಾಡುತ್ತ ಇನ್ನೊಂದನ್ನು ಬೆರಳಿಗೆ ಕೊಡಬೇಕು. ವೇಗವು ಕೊನೆಯ ಕೆಲಸ. ಪುನರಾವೃತ್ತಿಯಲ್ಲಿ ಏನನ್ನು ಬೇರೆಯಾಗಿ ಹೇಳಬೇಕೆಂಬುದು ಗಮಕಿಯ ಪ್ರಶ್ನೆಯೇ: ಪಾದವನ್ನು ಎರಡನೆಯ ಸಲ ಓದುವವನು ಅದನ್ನು ಅರ್ಥ ತಿಳಿದು ಓದುತ್ತಾನೆ.

ಕನ್ನಡಿಗರಿಗೆ ಈ ದಾರಿ ಅಗಮ್ಯವೆಂದು ಹೇಳುವಂತಿಲ್ಲ. ಮೈಸೂರಿನ ಜಯಚಾಮರಾಜ ಒಡೆಯರವರು ಪಿಯಾನೋವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ, ರಷ್ಯದ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಆಶ್ರಯವಿತ್ತರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೇ ಅರ್ಪಿಸಿದನು. ಅದೇ ಅರಸರು ಕರ್ನಾಟಕ ಪದ್ಧತಿಯಲ್ಲಿ ೯೪ ಕೃತಿಗಳನ್ನು ರಚಿಸಿದರು. ಎರಡು ಸಂಗೀತಗಳನ್ನೂ ಕಲಸದೆ, ಒಂದೊಂದನ್ನೂ ಅದರದರ ನೆಲದ ಮೇಲೆ ಅವರು ತಿಳಿದರು. ಅರಮನೆಯ ಅನುಕೂಲ ಎಲ್ಲರಿಗಿಲ್ಲ. ಆದರೆ ಆ ವಿವೇಕಕ್ಕೆ ಅರಮನೆ ಬೇಕಿಲ್ಲ.

ಉಳಿದುದು ಕೃತಿಯ ಕೊನೆಯ ಪ್ರಶ್ನೆ. ಮೂವತ್ತು ಮಾರ್ಪಾಟುಗಳು ಮುಗಿದ ಮೇಲೆ ಮೊದಲಿನ ವರಸೆಯು ಒಂದು ಸ್ವರವೂ ಬದಲಾಗದೆ ಬರುತ್ತದೆ. ವಾದಕನು ಅದನ್ನು ಮೊದಲಿನಂತೆಯೇ ನುಡಿಸಬೇಕೋ, ಬೇರೆಯಾಗಿ ನುಡಿಸಬೇಕೋ? ಬೇರೆಯಾಗಿಸಲು ಕೃತಕವಾಗಿ ಯತ್ನಿಸುವುದು ಸಲ್ಲದೆಂದು ನಮ್ಮ ಮತ. ಮೊದಲ ಸಲ ಮೇಲಿನ ಹಾಡನ್ನಷ್ಟೆ ಕೇಳಿದ್ದ ಕಿವಿಯು ಈಗ ಅದರ ಅಡಿಯ ತಳವನ್ನು ಕೇಳುತ್ತದೆ. ಸ್ವರಗಳು ಅವೇ, ಕೇಳುವವನು ಬೇರೆಯಾಗಿದ್ದಾನೆ. ವಾದಕನು ತಳಸ್ವರವನ್ನು ಮೂವತ್ತು ಮಾರ್ಪಾಟುಗಳ ಉದ್ದಕ್ಕೂ ನಿಷ್ಠೆಯಿಂದ ಕಾಪಾಡಿದ್ದರೆ ಈ ಕೆಲಸವು ತಾನಾಗಿಯೇ ಆಗುತ್ತದೆ. ಕಾಪಾಡದಿದ್ದರೆ ಕೊನೆಯ ವರಸೆಯು ಬರಿಯ ಪುನರುಕ್ತಿಯಾಗಿ ಉಳಿಯುತ್ತದೆ. ಪರನಾಡಿನ ಕೃತಿಯನ್ನು ಕೇಳಲು ನಮ್ಮ ಕಿವಿಗೆ ಅಧಿಕಾರವುಂಟೇ ಎಂದು ಆರಂಭದಲ್ಲಿ ಎತ್ತಿದ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ: ಅಧಿಕಾರವು ಹುಟ್ಟಿನಿಂದ ಬರುವುದಲ್ಲ, ನಿರಾಕರಣೆಯಿಂದ ಹೋಗುವುದೂ ಅಲ್ಲ, ತಳವನ್ನು ಹಿಡಿದ ಶ್ರಮದಿಂದ ದೊರೆಯುವುದು.